ಕಣ್ಣಲ್ಲಿ ಕಣ್ಣಿಡದ ಮಗು

ಹಾಸನದ ಬಸ್ ನಿಲ್ದಾಣದಲ್ಲಿ ನನ್ನ ತಂಗಿಯ ಏಳು ವರ್ಷದ ಮಗ, ಫಲಕ ಕಣ್ಣಿಗೆ ಬೀಳುವ ಮೊದಲೇ, ದೀಪ ಮತ್ತು ಗಾಜಿನ ಸಣ್ಣ ವ್ಯತ್ಯಾಸಗಳಿಂದ ಸಕಲೇಶಪುರದ ಬಸ್ಸು ಯಾವುದು, ಅರಸೀಕೆರೆಯದು ಯಾವುದು ಎಂದು ಹೇಳಿಬಿಡುತ್ತಾನೆ. ಅದೇ ಹುಡುಗ, ಪಕ್ಕದ ಮನೆಯಾಕೆ ಕೂದಲು ಕಟ್ಟುವ ಬಗೆ ಬದಲಿಸಿದರೆ ಅವರ ಗುರುತು ಹಿಡಿಯಲು ತಡವರಿಸುತ್ತಾನೆ. ಅವನಿಗೆ ಆಟಿಸಂ ಇದೆ, ಅಂದರೆ ಜನರೊಡನೆ ಬೆರೆಯುವ, ಮಾತಾಡುವ ರೀತಿ ಬೇರೆಯಾಗಿರುವಂಥ ಮಿದುಳಿನ ಬೆಳವಣಿಗೆಯ ಭಿನ್ನತೆ. ದೃಷ್ಟಿ ತಗುಲಿದೆಯೆಂದು ತಾಯತ ಕಟ್ಟಿಸಿದವರನ್ನೂ, ಗದ್ದ ಹಿಡಿದೆತ್ತಿ ‘ನನ್ನ ಮುಖ ನೋಡಿ ಮಾತಾಡೋ’ ಎನ್ನುವವರನ್ನೂ ಕಂಡು ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

ಮಿದುಳಿನ ತಳಭಾಗದಲ್ಲಿರುವ ಫ್ಯೂಸಿಫಾರ್ಮ್ ಎಂಬ ಮಡಿಕೆಯ ಒಂದು ಭಾಗ ಮುಖ ಕಂಡಾಗ ವಿಶೇಷವಾಗಿ ಚುರುಕಾಗುತ್ತದೆಂದು 1997ರಲ್ಲಿ ನರವಿಜ್ಞಾನಿ ನ್ಯಾನ್ಸಿ ಕಾನ್ವಿಶರ್ ಮತ್ತು ಸಂಗಡಿಗರು ತೋರಿಸಿದರು. ಆಟಿಸಂ ಇರುವವರಲ್ಲಿ ಅಲ್ಲಿನ ಚಟುವಟಿಕೆ ಕಡಿಮೆಯೆಂದು 2000ದಲ್ಲಿ ರಾಬರ್ಟ್ ಶುಲ್ಟ್ಜ್ ಅವರ ತಂಡ ವರದಿ ಮಾಡಿದಾಗ, ಆ ಭಾಗವೇ ಕೆಟ್ಟಿದೆಯೆಂದು ಹಲವರು ಭಾವಿಸಿದರು. ಆದರೆ 2004ರಲ್ಲಿ ನೂಷೀನ್ ಹಾಜಿಖಾನಿ ಮತ್ತು ಸಹೋದ್ಯೋಗಿಗಳು, ನೋಟವು ಮುಖದ ನಡುವೆಯೇ ನಿಲ್ಲುವಂತೆ ಚಿತ್ರದ ಮೇಲೊಂದು ಗುರುತನ್ನಿಟ್ಟಾಗ, ಆಟಿಸಂ ಇರುವವರಲ್ಲೂ ಆ ಭಾಗ ಚೆನ್ನಾಗಿಯೇ ಕೆಲಸ ಮಾಡಿತು. ಗೊರೂರು ನಾಲೆಯ ತೂಬು ಮುಚ್ಚಿದ್ದಾಗ ಕೊನೆಯ ಗದ್ದೆ ಒಣಗಿದರೆ ಮಣ್ಣನ್ನು ದೂರಿ ಫಲವಿಲ್ಲವಷ್ಟೆ. ಇಲ್ಲಿ ತೂಬೆಂದರೆ ನೋಟ ಬೀಳುವ ಜಾಗ.

ಹಾಗಾದರೆ ಆಟಿಸಂ ಇರುವವರು ಎದುರಿನವರ ಕಣ್ಣನ್ನೇಕೆ ತಪ್ಪಿಸುತ್ತಾರೆ? 2017ರಲ್ಲಿ ಅದೇ ಹಾಜಿಖಾನಿ ಅವರ ತಂಡ, ಕಣ್ಣುಗಳ ಭಾಗವನ್ನೇ ನೋಡುವಂತೆ ಕಟ್ಟುಪಡಿಸಿದಾಗ ಮಿದುಳಿನ ಹೊರಪದರದ ಕೆಳಗಿರುವ ಕೇಂದ್ರಗಳು, ಭಯಕ್ಕೆ ಸಂಬಂಧಿಸಿದ ಅಮಿಗ್ಡಲವೂ ಸೇರಿದಂತೆ, ಅತಿಯಾಗಿ ಉದ್ರೇಕಗೊಳ್ಳುವುದನ್ನು ಕಂಡಿತು. ಆಲೆಮನೆಯ ಒಲೆಯ ಮುಂದೆ ಮುಖ ತಿರುಗಿಸುವವನಿಗೆ ಬೆಲ್ಲದ ಮೇಲೆ ದ್ವೇಷವಿರುವುದಿಲ್ಲ. ಅವನಿಗೆ ತಾಳಲಾಗದಿರುವುದು ಝಳ. ಎಲ್ಲ ಮಕ್ಕಳಲ್ಲೂ ಹೀಗೆಯೇ ಎನ್ನಲಾಗದು, ಆಟಿಸಂ ಒಂದೇ ಬಗೆಯದಲ್ಲ. ಆದರೂ ಈ ತಪ್ಪಿಸಿಕೊಳ್ಳುವಿಕೆಗೆ ಬೆಲೆಯುಂಟು: ನಗು ಹೆಚ್ಚಾಗಿ ಬಾಯಲ್ಲಿ ಕಾಣುತ್ತದೆ, ಹೆದರಿಕೆ ಅರಳಿದ ಕಣ್ಣಲ್ಲಿ. ಬಾಯನ್ನಷ್ಟೇ ನೋಡುವ ಮಗುವಿಗೆ ಎರಡನೆಯದು ಸುಲಭವಾಗಿ ತಪ್ಪಿಹೋಗುತ್ತದೆ.

1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ವರ್ಣಿಸಿ ಆಟಿಸಂಗೆ ವೈದ್ಯಕೀಯ ರೂಪ ಕೊಟ್ಟ ಮೇಲೂ, ದಶಕಗಳ ಕಾಲ ‘ತಾಯಿಯ ಪ್ರೀತಿ ತಣ್ಣಗಾದದ್ದೇ ಕಾರಣ’ ಎಂಬ ಕ್ರೂರ ವಾದ ವಿದ್ಯಾವಂತರ ನಡುವೆಯೇ ಮೆರೆಯಿತು. ತಾಯತಕ್ಕಿಂತ ಅದೇನೂ ಮೇಲಲ್ಲ.

2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಡಿಜಿಮಾನ್ ಕಾರ್ಟೂನ್ ಪಾತ್ರಗಳ ಹುಚ್ಚಿದ್ದ ಆಟಿಸಂನ ಹುಡುಗನೊಬ್ಬನಲ್ಲಿ ಆ ಪಾತ್ರಗಳ ಚಿತ್ರ ಕಂಡಾಗ ಫ್ಯೂಸಿಫಾರ್ಮ್ ಮತ್ತು ಅಮಿಗ್ಡಲ ಎರಡೂ ಚುರುಕಾದವು. ಮನುಷ್ಯರ ಮುಖಕ್ಕೆ ಅಷ್ಟಾಗಿ ಆಗಲಿಲ್ಲ. ಒಬ್ಬನೇ ಹುಡುಗನ ಕಥೆಯಾದ್ದರಿಂದ ನಿಯಮ ಕಟ್ಟಬಾರದು, ನಿಜ. ಆದರೂ ನಮ್ಮ ಹುಡುಗ ದೂರದ ಬಸ್ಸಿನತ್ತ ಬೆರಳು ತೋರಿದಾಗ ನನಗೆ ಅದೇ ನೆನಪಾಗುತ್ತದೆ. ಈಗ ನನ್ನ ತಂಗಿ ಅವನ ಎದುರಿಗಲ್ಲ, ಪಕ್ಕದಲ್ಲಿ ಕೂರುತ್ತಾಳೆ. ಬಸ್ಸುಗಳನ್ನು ನೋಡುತ್ತಲೇ ಅವನು ಅಂದಿನ ಶಾಲೆಯ ಸುದ್ದಿಯನ್ನೆಲ್ಲ ಹೇಳುತ್ತಾನೆ.