ಹೈಪರ್‌ಬೇರಿಕ್ ಚಿಕಿತ್ಸೆ: ಒತ್ತಡದ ಪಾಲೆಷ್ಟು, ಆಕ್ಸಿಜನ್ ಪಾಲೆಷ್ಟು?

ಮುಚ್ಚಿದ ಚೇಂಬರಿನಲ್ಲಿ ಗಾಳಿಯ ಒತ್ತಡ ಹೆಚ್ಚಿಸಿ ರೋಗಿಗೆ ಆಕ್ಸಿಜನ್ ಉಸಿರಾಡಿಸುವುದೇ ಹೈಪರ್‌ಬೇರಿಕ್ ಚಿಕಿತ್ಸೆ. ಸೇನಾ ವೈದ್ಯಕೀಯದ ಈ ಅಧ್ಯಾಯ ಓದುವಾಗ ಒತ್ತಡ ಮಾಡುವ ಕೆಲಸವನ್ನೂ ಆಕ್ಸಿಜನ್ ಮಾಡುವ ಕೆಲಸವನ್ನೂ ಬೇರೆ ಬೇರೆಯಾಗಿ ನೋಡಿ. ಆಗ ಅರ್ಧ ಗೊಂದಲ ಕಳೆಯುತ್ತದೆ.

ನೌಕಾಪಡೆಯ ಡೈವರ್ ಆಳದಿಂದ ಅವಸರವಾಗಿ ಮೇಲೆ ಬಂದರೆ ಅಂಗಾಂಶಗಳಲ್ಲಿ ಕರಗಿದ್ದ ನೈಟ್ರೋಜನ್ ಗುಳ್ಳೆಗಟ್ಟುತ್ತದೆ. ಕೀಲುನೋವಿನಿಂದ ಹಿಡಿದು ಕಾಲಿನ ಸ್ವಾಧೀನ ತಪ್ಪುವವರೆಗೂ ಹೋಗಬಹುದು. ಸಮುದ್ರಮಟ್ಟದ ಒತ್ತಡ 1 ಎಟಿಎ (ವಾತಾವರಣದ ಲೆಕ್ಕದಲ್ಲಿ ಒಟ್ಟು ಒತ್ತಡದ ಅಳತೆ). ಚೇಂಬರಿನಲ್ಲಿ ಅದನ್ನು 2.8ಕ್ಕೆ ಏರಿಸಿದರೆ ಬಾಯ್ಲ್ ನಿಯಮದಂತೆ ಗುಳ್ಳೆಯ ಘನಗಾತ್ರ ಸುಮಾರು 36%ಕ್ಕೆ ಇಳಿಯುತ್ತದೆ. ಆದರೆ ಘನಮೂಲ ತೆಗೆದು ನೋಡಿ, ವ್ಯಾಸ ಇನ್ನೂ 71% ಉಳಿದಿರುತ್ತದೆ! ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡ ಗುಳ್ಳೆಯ ವಿಷಯದಲ್ಲಿ ಇದು ದೊಡ್ಡ ಮಾತು. ಉಳಿದ ಕೆಲಸ ಆಕ್ಸಿಜನ್‌ದು. ಶುದ್ಧ ಆಕ್ಸಿಜನ್ ಉಸಿರಾಡುವಾಗ ಹೊಸ ನೈಟ್ರೋಜನ್ ಒಳಬರುವುದಿಲ್ಲ, ಗುಳ್ಳೆಯಲ್ಲಿರುವುದು ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಹೊರಹೋಗುತ್ತದೆ. ಅಮೆರಿಕದ ನೌಕಾಪಡೆಯ ವೈದ್ಯ ಬೆಂಕೆ ಮತ್ತು ಸಂಶೋಧಕ ಶಾ 1937ರಲ್ಲೇ ಈ ದಾರಿ ತೋರಿಸಿದ್ದರು.

ಅದೇ ನೌಕಾಪಡೆಯ ಟೇಬಲ್ 6 ಇಂದಿಗೂ ಮುಖ್ಯ ಚಿಕಿತ್ಸಾಕ್ರಮ. 60 ಅಡಿ ಆಳದ ಒತ್ತಡದಲ್ಲಿ 20 ನಿಮಿಷ ಆಕ್ಸಿಜನ್, 5 ನಿಮಿಷ ಗಾಳಿ, ಹೀಗೆ ಮೂರು ಸಲ. ಆಮೇಲೆ 30 ಅಡಿಯಲ್ಲಿ ಇನ್ನೂ ದೀರ್ಘ ಸರದಿಗಳು. ಒಟ್ಟು 4 ಗಂಟೆ 45 ನಿಮಿಷ. ನಡುವೆ ಗಾಳಿ ಕೊಡುವುದು ಆಕ್ಸಿಜನ್ ವಿಷವಾಗದಿರಲೆಂದು. ತುಟಿ ಅದುರುವುದು, ವಾಕರಿಕೆ, ಕಿವಿಯಲ್ಲಿ ಗುಂಯ್ ಎನ್ನುವುದು ಮುನ್ಸೂಚನೆಗಳು. ಇವು ಕಾಣಿಸದೆಯೂ ಫಿಟ್ಸ್ ಬರಬಹುದು. ಬಂದರೆ ಮಾಸ್ಕ್ ತೆಗೆಯಬೇಕು, ಒತ್ತಡವನ್ನು ಮಾತ್ರ ಆಗ ಇಳಿಸಬಾರದು. ಉಸಿರು ಕಟ್ಟಿರುವಾಗ ಒತ್ತಡ ಇಳಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಇದನ್ನು ಅರ್ಥಮಾಡಿಕೊಂಡೇ ನೆನಪಿಡಿ.

ಯುದ್ಧದ ಗಾಯಗಳಿಗೆ ಅಂಟುವ ಗ್ಯಾಸ್ ಗ್ಯಾಂಗ್ರೀನ್‌ನಲ್ಲಿ ಮುಖ್ಯವಾದುದು ಆಕ್ಸಿಜನ್. ಹೆಚ್ಚಿದ ಆಕ್ಸಿಜನ್ ಈ ಸೋಂಕು ತರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಆಲ್ಫಾ ಟಾಕ್ಸಿನ್ ಎಂಬ ವಿಷದ ತಯಾರಿಯನ್ನು ತಡೆಯುತ್ತದೆ. ಆದರೂ ಶಸ್ತ್ರಚಿಕಿತ್ಸೆ, ಆ್ಯಂಟಿಬಯೋಟಿಕ್ ಬಿಟ್ಟು ಚೇಂಬರೊಂದನ್ನೇ ನಂಬುವಂತಿಲ್ಲ.

ಸ್ಫೋಟದಿಂದ ತಲೆಗೆ ಪೆಟ್ಟು ಬಿದ್ದ ಸೈನಿಕರ ವಿಷಯ ಕಗ್ಗಂಟು. 2015ರಲ್ಲಿ ಪ್ರಕಟವಾದ ಅಮೆರಿಕನ್ ಸೇನಾ ಪ್ರಯೋಗದಲ್ಲಿ 72 ಮಂದಿಯನ್ನು ಮೂರು ಗುಂಪು ಮಾಡಿದರು: ಮಾಮೂಲಿ ಆರೈಕೆ, 1.5 ಎಟಿಎ ಆಕ್ಸಿಜನ್, 1.2 ಎಟಿಎ ಬರೀ ಗಾಳಿ. ಚೇಂಬರಿಗೆ ಹೋದ ಎರಡೂ ಗುಂಪುಗಳು ಮಾಮೂಲಿ ಆರೈಕೆಯವರಿಗಿಂತ ಚೇತರಿಸಿಕೊಂಡವು, ಆದರೆ ಅವುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. 1.2ರ ಒತ್ತಡವೂ ಔಷಧಿಯೇ ಎಂದು ವಾದಿಸುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಾಗಿಲ್ಲ. ದಿನಾ ಸಿಗುವ ಆರೈಕೆ, ವಾಸಿಯಾಗುತ್ತೇನೆಂಬ ಭರವಸೆ ಇವೇ ಸಾಕಷ್ಟು ಕಾರಣವಾಗಿ ಕಾಣುತ್ತವೆ.