ಓದುಗರ ಪ್ರಶ್ನೆ: ಉಪಗ್ರಹಗಳಿರುವಾಗ ಕಡಲ ಗಸ್ತಿಗೆ ಹೊಸ ವಿಮಾನಗಳೇಕೆ?

"ನೌಕಾಪಡೆಯ ಹಳೆಯ ಗಸ್ತು ವಿಮಾನಗಳು ಇನ್ನೂ ಹಾರುತ್ತಿರುವಾಗಲೇ ಅವನ್ನು ನಿವೃತ್ತಿಗೊಳಿಸಿ, ಸಾವಿರಾರು ಕೋಟಿ ರೂಪಾಯಿ ಸುರಿದು ಹೊಸವನ್ನು ಕೊಳ್ಳುವುದೇಕೆ? ಈಗ ಎಲ್ಲವನ್ನೂ ಉಪಗ್ರಹಗಳೇ ನೋಡುತ್ತವಲ್ಲವೇ?" ಹುಮನಾಬಾದಿನ ಓದುಗರೊಬ್ಬರು ಕೇಳಿರುವ ಪ್ರಶ್ನೆಯಿದು. ಕಲಬುರಗಿಯಲ್ಲಿ ಕೋಣೆ ಬಾಡಿಗೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗರೂ, ಬೀದರಿನ ವಾಯುನೆಲೆಯ ಆಸುಪಾಸಿನಲ್ಲಿ ದಿನವಿಡೀ ಹಾಕ್ ವಿಮಾನಗಳ ಸದ್ದು ಕೇಳುತ್ತ ಬೆಳೆದವರೂ ಇದನ್ನೇ ಕೇಳುತ್ತಾರೆ. ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಚಿಕ್ಕದು. ಎರಡನೆಯ ಅರ್ಧದಲ್ಲಿರುವ ಉಪಗ್ರಹದ ಮಾತು ಮಾತ್ರ ಎಷ್ಟು ಸಲ ವಿವರಿಸಿದರೂ ಮತ್ತೆ ಎದ್ದು ಬರುತ್ತದೆ. ಆದ್ದರಿಂದ ಈ ಬಾರಿ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಗಸ್ತು ವಿಮಾನದ ಅತಿ ಕಠಿಣ ಕೆಲಸ ನೀರಿನ ಮೇಲಿರುವ ಹಡಗನ್ನು ನೋಡುವುದಲ್ಲ, ನೀರಿನೊಳಗಿರುವ ಜಲಾಂತರ್ಗಾಮಿಯನ್ನು ಹುಡುಕುವುದು. ಉಪಗ್ರಹಗಳ ಕಣ್ಣುಗಳು ಮುಖ್ಯವಾಗಿ ಎರಡು ಬಗೆಯವು: ಬೆಳಕನ್ನು ಹಿಡಿಯುವ ಕ್ಯಾಮೆರಾ ಮತ್ತು ರೇಡಿಯೊ ಅಲೆಗಳನ್ನು ಬಳಸುವ ರಾಡಾರ್. ಉಪ್ಪುನೀರು ವಿದ್ಯುತ್ ವಾಹಕವಾದ್ದರಿಂದ ರಾಡಾರ್ ಅಲೆ ಮೇಲ್ಮೈಯಲ್ಲೇ ಸತ್ತುಹೋಗುತ್ತದೆ. ಬೆಳಕಾದರೋ ತಿಳಿಯಾದ ಸಾಗರದಲ್ಲಿಯೂ 200 ಮೀಟರ್ ಇಳಿಯುವಷ್ಟರಲ್ಲಿ ಬಹುಮಟ್ಟಿಗೆ ಮುಗಿದಿರುತ್ತದೆ. ನಮ್ಮ ಕಡೆಯ ಸೇದುವ ಬಾವಿಗೆ ಕೊಡ ಬಿದ್ದರೆ ದಂಡೆಯ ಮೇಲೆ ನಿಂತು ಎಷ್ಟು ಇಣುಕಿದರೂ ಅದು ಸಿಗುವುದಿಲ್ಲ, ಪಾತಾಳಗರಡಿಯನ್ನು ಇಳಿಬಿಡಲೇಬೇಕು. ಕಡಲಿನಲ್ಲಿಯೂ ಹಾಗೆಯೇ, ಹುಡುಕುವ ಸಾಧನವನ್ನು ನೀರಿನೊಳಕ್ಕೆ ಇಳಿಸದೆ ಬೇರೆ ದಾರಿಯಿಲ್ಲ.

ಆ ಸಾಧನದ ಹೆಸರು ಸೋನೋಬಾಯ್. ಸುಮಾರು ಮೂರು ಅಡಿ ಉದ್ದದ, ಅಂಗೈ ಅಗಲದ ಕೊಳವೆಯದು. ವಿಮಾನದಿಂದ ಹೊರಬಿದ್ದ ಕೂಡಲೇ ಪುಟ್ಟ ಪ್ಯಾರಾಚೂಟ್ ಬಿಚ್ಚಿಕೊಂಡು ಅದರ ವೇಗವನ್ನು ತಗ್ಗಿಸುತ್ತದೆ. ನೀರು ಮುಟ್ಟಿದಾಗ ಅದರ ಬ್ಯಾಟರಿಯನ್ನು ಸಮುದ್ರದ ಉಪ್ಪುನೀರೇ ಎಚ್ಚರಿಸುತ್ತದೆ. ಮೇಲ್ಭಾಗದಲ್ಲಿ ತೇಲುಚೀಲವೊಂದು ಉಬ್ಬಿ ಆಂಟೆನಾ ಎದ್ದು ನಿಲ್ಲುತ್ತದೆ, ಕೆಳಗೆ ತಂತಿಯ ತುದಿಯಲ್ಲಿ ಹೈಡ್ರೋಫೋನ್ ಎಂಬ ನೀರೊಳಗಿನ ಮೈಕ್ ಆಳಕ್ಕೆ ಇಳಿಯುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಬಹುದೂರ ಸಾಗುವುದರಿಂದ ಜಲಾಂತರ್ಗಾಮಿಯ ಪ್ರೊಪೆಲ್ಲರ್ ಮತ್ತು ಪಂಪುಗಳ ಸದ್ದನ್ನು ಆ ಮೈಕ್ ಹಿಡಿದು ಮೇಲಕ್ಕೆ ಕೊಡುತ್ತದೆ, ಆಂಟೆನಾ ಅದನ್ನು ವಿಮಾನಕ್ಕೆ ರವಾನಿಸುತ್ತದೆ. ವಿಮಾನದೊಳಗೆ ಪರದೆಗಳ ಮುಂದೆ ಸಾಲಾಗಿ ಕುಳಿತ ಸಿಬ್ಬಂದಿ, ಬೇರೆ ಬೇರೆ ಕಡೆ ಬಿದ್ದಿರುವ ಹಲವು ಸೋನೋಬಾಯ್‌ಗಳ ಸದ್ದನ್ನು ತಾಳೆ ನೋಡಿ ಶತ್ರು ಎಲ್ಲಿದ್ದಾನೆಂದು ಗುರುತಿಸುತ್ತಾರೆ. ಈ ಕೆಲಸದ ಯಾವ ಹಂತವನ್ನು ಉಪಗ್ರಹ ಮಾಡಬಲ್ಲದು?

ಇಷ್ಟಾದ ಮೇಲೂ ಕೆಲವರು ನೌಕಾಪಡೆಗೆಂದೇ ಇರುವ 'ರುಕ್ಮಿಣಿ' ಉಪಗ್ರಹದ ಹೆಸರು ಎತ್ತುತ್ತಾರೆ. 2013ರಲ್ಲಿ ಉಡಾವಣೆಯಾದ ಜಿಸ್ಯಾಟ್-7 ಉಪಗ್ರಹವೇ ಈ ರುಕ್ಮಿಣಿ. ಅದು ಸಂಪರ್ಕ ಉಪಗ್ರಹ. ಹಡಗು, ವಿಮಾನ ಮತ್ತು ದಡದ ನೆಲೆಗಳ ನಡುವೆ ಸಂದೇಶ ಒಯ್ಯುತ್ತದೆಯೇ ಹೊರತು ಚಿತ್ರ ತೆಗೆಯುವುದಿಲ್ಲ. ಚಿತ್ರ ತೆಗೆಯುವ ಉಪಗ್ರಹಗಳು ಸಾಮಾನ್ಯವಾಗಿ ಕೆಳಕಕ್ಷೆಯಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತವೆ, ಒಂದು ಜಾಗದ ಮೇಲೆ ಕೆಲವೇ ನಿಮಿಷ ಇದ್ದು ಮುಂದೆ ಸಾಗುತ್ತವೆ. ಬಂದರಿನಲ್ಲಿ ನಿನ್ನೆ ಕಟ್ಟಿದ್ದ ಜಲಾಂತರ್ಗಾಮಿ ಇಂದು ಅಲ್ಲಿಲ್ಲ ಎಂಬುದನ್ನು ಅವು ಹೇಳಬಲ್ಲವು, ಮತ್ತು ಆ ಸುದ್ದಿಗೆ ಬೆಲೆಯಿದೆ. ಆದರೆ ಅದು ಎಲ್ಲಿಗೆ ಹೋಯಿತೆಂದು ಹುಡುಕುವ ಕೆಲಸ ಆರಂಭವಾಗುವುದೇ ಆ ಸುದ್ದಿ ಬಂದ ಮೇಲೆ.

ಇನ್ನು ಪ್ರಶ್ನೆಯ ಮೊದಲರ್ಧ. ಗಸ್ತು ವಿಮಾನಗಳು ಅಲೆಗಳ ಮೇಲೆ ತಗ್ಗಿನಲ್ಲಿ, ಉಪ್ಪುಗಾಳಿಯ ಹೊಡೆತ ತಿನ್ನುತ್ತ ಗಂಟೆಗಟ್ಟಲೆ ಹಾರುತ್ತವೆ. ಲೋಹ ದಣಿಯುತ್ತದೆ, ತುಕ್ಕು ಹಿಡಿಯುತ್ತದೆ, ತಯಾರಿಕೆ ನಿಂತುಹೋದ ಮಾದರಿಗೆ ಬಿಡಿಭಾಗಗಳು ಸಿಗುವುದಿಲ್ಲ. ನಮ್ಮ ನೌಕಾಪಡೆಗೆ 1988ರಲ್ಲಿ ಬಂದ ಟುಪೊಲೆವ್-142 ವಿಮಾನಗಳು 2017ರ ಮಾರ್ಚ್‌ನಲ್ಲಿ ಅರಕ್ಕೋಣಂ ನೆಲೆಯಲ್ಲಿ ನಿವೃತ್ತವಾದವು. 1977ರಲ್ಲಿ ಸೇರಿದ್ದ ಇಲ್ಯೂಷಿನ್-38 ಗೋವಾದಲ್ಲಿ 2023ರ ಅಕ್ಟೋಬರ್‌ವರೆಗೆ ಹಾರಿತು. ಅವುಗಳ ಜಾಗಕ್ಕೆ ಬೋಯಿಂಗ್ 737ರ ಒಡಲಿನ ಮೇಲೆ ರೂಪಿಸಿದ ಪಿ-8ಐ ವಿಮಾನಗಳು (ಅಮೆರಿಕದ ಪಿ-8 ಮಾದರಿಯ ಭಾರತೀಯ ಆವೃತ್ತಿ) ಬಂದವು. 2009ರ ಜನವರಿಯಲ್ಲಿ ಎಂಟು ವಿಮಾನಗಳಿಗೆ ಒಪ್ಪಂದವಾಯಿತು, ಮೊದಲನೆಯದು ಬಂದಿದ್ದು 2013ರಲ್ಲಿ. 2016ರಲ್ಲಿ ಕೇಳಿದ ಇನ್ನೂ ನಾಲ್ಕು ಪೂರ್ತಿಯಾಗಿ ಕೈಸೇರಿದ್ದು 2022ರಲ್ಲಿ. ಸಹಿ ಹಾಕಿದ ಮೇಲೂ ಇಷ್ಟು ಕಾಲ ಹಿಡಿಯುವಾಗ, ಅದಕ್ಕೂ ಮೊದಲು ರಕ್ಷಣಾ ಖರೀದಿ ಮಂಡಳಿಯ ಒಪ್ಪಿಗೆ, ತಾಂತ್ರಿಕ ಪರಿಶೀಲನೆ, ಬೆಲೆಯ ಮಾತುಕತೆ, ಸಚಿವ ಸಂಪುಟ ಸಮಿತಿಯ ಅನುಮೋದನೆಗಳೆಲ್ಲ ಆಗಬೇಕಿರುವಾಗ, ಹಳೆಯದು ಪೂರಾ ಕೈಕೊಟ್ಟ ಮೇಲೆ ನೋಡೋಣ ಎಂದು ಕೂರುವುದು ಸರಿಯಲ್ಲ.

ಹಾಗೆ ಮಾಡಿದರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನೇ ಸಾಕ್ಷಿ. 2010ರಲ್ಲಿ ಅಲ್ಲಿನ ಸರ್ಕಾರ ವೆಚ್ಚ ಕಡಿತದ ಹೆಸರಿನಲ್ಲಿ ನಿಮ್ರಾಡ್ ಗಸ್ತು ವಿಮಾನಗಳ ಹೊಸ ಆವೃತ್ತಿಯನ್ನು ರದ್ದುಪಡಿಸಿ ಅವುಗಳನ್ನು ಗುಜರಿಗೆ ಹಾಕಿತು. 2014ರ ಕೊನೆಯಲ್ಲಿ ಸ್ಕಾಟ್ಲೆಂಡಿನ ಕರಾವಳಿಯಾಚೆ ಅಪರಿಚಿತ ಪೆರಿಸ್ಕೋಪ್ ಕಂಡಿತೆಂಬ ಸುದ್ದಿ ಬಂದಾಗ ಹುಡುಕಲು ಮಿತ್ರರಾಷ್ಟ್ರಗಳ ವಿಮಾನಗಳನ್ನು ಕರೆಸಿಕೊಳ್ಳಬೇಕಾಯಿತು. ಬ್ರಿಟನ್ನಿನ ಮೊದಲ ಪಿ-8 ಆ ನೆಲಕ್ಕೆ ಇಳಿದಿದ್ದು 2020ರಲ್ಲಿ. ಆ ದೇಶಕ್ಕೂ ಉಪಗ್ರಹಗಳ ನೆರವಿಗೆ ಕೊರತೆಯಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಬೆಲೆಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. 2009ರ ಎಂಟು ವಿಮಾನಗಳ ಒಪ್ಪಂದ ಸುಮಾರು 210 ಕೋಟಿ ಡಾಲರಿನದು. ಅದನ್ನು ಎಂಟರಿಂದ ಭಾಗಿಸಿ ಒಂದು ವಿಮಾನದ ಬೆಲೆ ಇಷ್ಟು ಎನ್ನುವ ಲೆಕ್ಕ ಸರಿಯಲ್ಲ. ಇಂಥ ಮೊತ್ತಗಳಲ್ಲಿ ವಿಮಾನದ ಜೊತೆ ಬೇರೆ ಖರ್ಚುಗಳೂ ಸೇರಿರುತ್ತವೆ. ನ್ಯೂಜಿಲೆಂಡ್ 2018ರಲ್ಲಿ ತನ್ನ ಹಳೆಯ ಓರಿಯನ್ ಗಸ್ತು ವಿಮಾನಗಳ ಬದಲು ನಾಲ್ಕು ಪಿ-8 ಕೊಳ್ಳಲು ತೀರ್ಮಾನಿಸಿದಾಗ, ತರಬೇತಿ ವ್ಯವಸ್ಥೆ ಮತ್ತು ನೆಲೆಯ ಕಟ್ಟಡಗಳ ಖರ್ಚೂ ಪ್ರಕಟಿಸಿದ ಮೊತ್ತದಲ್ಲಿಯೇ ಸೇರಿದೆ ಎಂದು ತಿಳಿಸಿತ್ತು. ನಮ್ಮ ಪಿ-8ಐಗೆ ದತ್ತಾಂಶ ಸಂಪರ್ಕ ವ್ಯವಸ್ಥೆಯನ್ನು ಮಾಡಿಕೊಟ್ಟಿದ್ದು ಬೆಂಗಳೂರಿನ ಬಿಇಎಲ್, ಶಸ್ತ್ರಾಗಾರದ ಬಾಗಿಲುಗಳನ್ನು ಮಾಡಿದ್ದು ಎಚ್‌ಎಎಲ್ ಎಂಬುದನ್ನು ಹೆಮ್ಮೆಯಿಂದಲೇ ಇಲ್ಲಿ ದಾಖಲಿಸುತ್ತೇನೆ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ: ವಿಮಾನ ಕೊಂಡ ಮೇಲಿನ ಖರ್ಚು ಎಷ್ಟು? ಕಡಲಿಗೆ ಎಸೆದ ಸೋನೋಬಾಯ್ ಮರಳಿ ಬರುವುದಿಲ್ಲ. ಬ್ಯಾಟರಿ ಮುಗಿದ ಮೇಲೆ ಅದು ತಾನಾಗಿ ಮುಳುಗುವಂತೆಯೇ ಅದನ್ನು ರೂಪಿಸಿರುತ್ತಾರೆ. ಒಂದು ಹುಡುಕಾಟಕ್ಕೆ ಇಂಥ ಹತ್ತಾರು ಕೊಳವೆಗಳು ಬೇಕು, ಪ್ರತಿ ಸಲವೂ ಹೊಸವೇ ಬೇಕು. 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಸೋನೋಬಾಯ್‌ಗಳ ಮಾರಾಟಕ್ಕೆ ಅಮೆರಿಕ ಒಪ್ಪಿಗೆ ನೀಡಿದಾಗ ಅದರ ಅಂದಾಜು ಮೊತ್ತ 5.28 ಕೋಟಿ ಡಾಲರ್ ಇತ್ತು. ಕೊಚ್ಚಿಯಲ್ಲಿರುವ ಡಿಆರ್‌ಡಿಒದ ಎನ್‌ಪಿಒಎಲ್ ಪ್ರಯೋಗಾಲಯ ಸೋನಾರ್ ವಿದ್ಯೆಯಲ್ಲಿ, ಅಂದರೆ ಶಬ್ದದ ಮೂಲಕ ನೀರೊಳಗಿನದನ್ನು ಪತ್ತೆಹಚ್ಚುವುದರಲ್ಲಿ, ಪಳಗಿದ ಸಂಸ್ಥೆ. ವಿಮಾನ ಎಲ್ಲಿಂದ ಬಂತೆಂದು ವಾದಿಸುವಷ್ಟೇ ಕಾಳಜಿಯಿಂದ, ಈ ಕೊಳವೆಗಳಲ್ಲಿ ಎಷ್ಟು ಪಾಲು ನಮ್ಮ ದೇಶದಲ್ಲೇ ತಯಾರಾಗುತ್ತಿದೆ ಎಂದು ಪ್ರತಿ ಬಜೆಟ್ಟಿನ ವೇಳೆಗೂ ನಾವು ವಿಚಾರಿಸಬೇಕು.