ಓದುಗರ ಪ್ರಶ್ನೆ: ಇಂಡೀ ರಾಕ್ ಆಲ್ಬಮ್‌ಗಳಲ್ಲಿ ಹಾಡುವವರ ದನಿ ಯಾಕೆ ಹೂತುಹೋಗಿರುತ್ತದೆ?

ಪ್ರಶ್ನೆ: ಹೊಸ ಇಂಡೀ ಆಲ್ಬಮ್‌ಗಳನ್ನು (ದೊಡ್ಡ ಸಂಗೀತ ಕಂಪನಿಗಳ ಹೊರಗೆ ಬೆಳೆದ ರಾಕ್ ತಂಡಗಳವು) ಎಲ್ಲರೂ ಹೊಗಳುತ್ತಾರೆ. ಕೇಳಲು ಕೂತರೆ ಗಿಟಾರ್ ಗದ್ದಲದಲ್ಲಿ ಒಂದು ಸಾಲೂ ಕಿವಿಗೆ ಬೀಳುವುದಿಲ್ಲ. ಸರಿಯಾಗಿ ರೆಕಾರ್ಡ್ ಮಾಡಿಸಲು ಇವರ ಬಳಿ ದುಡ್ಡಿಲ್ಲವೇ?

ಉತ್ತರ: ದುಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುವುದು ಮೇಲು. ದನಿ ಹಿಂದೆ ಸರಿದಿದೆ ಎಂದರೆ ಸಾಮಾನ್ಯವಾಗಿ ಯಾರೋ ಅದನ್ನು ಬೇಕೆಂದೇ ಹಿಂದೆ ಸರಿಸಿದ್ದಾರೆ. ಹಾಗಲ್ಲದ ಕಡೆ ದೋಷ ನಿಮ್ಮ ಫೋನಿನ ಸೆಟ್ಟಿಂಗ್‌ನಲ್ಲಿರುವ ಸಾಧ್ಯತೆಯೇ ಹೆಚ್ಚು.

ಮೊದಲು ಆ ಹಳೆಯ ನಂಬಿಕೆಯನ್ನು ನೋಡೋಣ: ಮಸುಕು ಎಂದರೆ ಬಡತನ, ಸ್ವಚ್ಛ ಎಂದರೆ ಶ್ರೀಮಂತಿಕೆ. ಇವತ್ತು ಪರಿಸ್ಥಿತಿ ತಲೆಕೆಳಗಾಗಿದೆ. ಒಂದು ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ನ ಆಡಿಯೊ ಇಂಟರ್‌ಫೇಸ್ (ಮೈಕಿನ ಸದ್ದನ್ನು ಕಂಪ್ಯೂಟರಿಗೆ ತಲುಪಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಸದ್ದಿಲ್ಲದ ಒಂದು ಕೋಣೆ ಇದ್ದರೆ ದನಿಯನ್ನು ಕನ್ನಡಿಯಷ್ಟು ಸ್ಪಷ್ಟವಾಗಿ ಹಿಡಿಯಬಹುದು. ಮೊರೆತ ತಗ್ಗಿಸುವ ನಾಯ್ಸ್ ರಿಡಕ್ಷನ್ ಇಲ್ಲದ ಕ್ಯಾಸೆಟ್‌ನಲ್ಲಿ ಅತಿ ಜೋರಾದ ಸದ್ದಿಗೂ ಟೇಪಿನ ಮೊರೆತಕ್ಕೂ ನಡುವಿನ ಅಂತರ 50 ಡೆಸಿಬಲ್ ಆಸುಪಾಸು. ಸಾಧಾರಣ ಡಿಜಿಟಲ್ ಇಂಟರ್‌ಫೇಸ್‌ನಲ್ಲಿ ಅದು 100 ದಾಟುತ್ತದೆ. ಸ್ವಚ್ಛತೆ ಈಗ ಅಗ್ಗ. ಮಸುಕು ಬೇಕೆಂದರೇ ಹೆಚ್ಚು ಕೆಲಸ: ಟೇಪ್ ಯಂತ್ರ ಹುಡುಕಬೇಕು, ಟೇಪ್ ತಾಗುವ ಹೆಡ್ ಒರೆಸಬೇಕು, ಕೋಣೆಯ ಪ್ರತಿಧ್ವನಿ ಎಷ್ಟಿರಬೇಕು ಎಂದು ಕೂತು ತೂಗಬೇಕು.

"ಹಳೆಯ ಕಾಲದಲ್ಲಾದರೂ ಬಡತನವೇ ಕಾರಣ ತಾನೇ?" ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಅರ್ಧ ಮಾತ್ರ ನಿಜ. ಟ್ಯಾಸ್ಕ್ಯಾಮ್ ಕಂಪನಿಯ ಪೋರ್ಟಾಸ್ಟುಡಿಯೊ 144 ಬಂದಿದ್ದು 1979ರಲ್ಲಿ. ಸಾಮಾನ್ಯ ಕ್ಯಾಸೆಟ್ ಮೇಲೆ ನಾಲ್ಕು ಟ್ರ್ಯಾಕ್, ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಬಹುದಾದ ನಾಲ್ಕು ಪಟ್ಟಿಗಳನ್ನು ಹಿಡಿಯುವ ಯಂತ್ರ ಅದು. ನಾಲ್ಕು ಸಾಲದಿದ್ದರೆ ಮೂರು ಟ್ರ್ಯಾಕ್‌ಗಳನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸಿ, ಆ ಮೂರನ್ನು ಅಳಿಸಿ ಮತ್ತೆ ಬಳಸಬೇಕು. ಇದಕ್ಕೆ ಬೌನ್ಸ್ ಮಾಡುವುದು ಎನ್ನುತ್ತಾರೆ. ಪ್ರತಿ ಬೌನ್ಸ್‌ಗೂ ಮೊರೆತ ಏರುತ್ತದೆ, ಮೇಲಿನ ಸ್ವರಾಂಶಗಳು ಸವೆಯುತ್ತವೆ. ಈಗ ಗಮನಿಸಿ: ಮೊದಲು ಬೌನ್ಸ್ ಆಗುತ್ತಿದ್ದುದು ಡ್ರಮ್, ಬಾಸ್, ರಿದಮ್ ಗಿಟಾರ್. ದನಿಯನ್ನು ಸಾಮಾನ್ಯವಾಗಿ ಕೊನೆಗೆ, ಹೊಸ ಟ್ರ್ಯಾಕ್ ಮೇಲೆ ಹಾಡುತ್ತಿದ್ದರು. ಅಂದರೆ ಅಗ್ಗದ ಟೇಪಿನ ಹೊಡೆತ ಹೆಚ್ಚು ಬಿದ್ದಿದ್ದು ಡ್ರಮ್ ಮೇಲೆ, ಕಡಿಮೆ ಬಿದ್ದಿದ್ದು ದನಿಯ ಮೇಲೆ. ಗೈಡೆಡ್ ಬೈ ವಾಯ್ಸಸ್ ತಂಡದ 1994ರ 'ಬೀ ಥೌಸಂಡ್' ಮನೆಯಲ್ಲಿ ಮಾಡಿದ ಇಂಥ ರೆಕಾರ್ಡಿಂಗ್‌ಗೆ ಎಲ್ಲರೂ ಕೊಡುವ ಉದಾಹರಣೆ. ಕೇಳಿ ನೋಡಿ: ಡ್ರಮ್ ಡಬ್ಬ ಬಡಿದಂತಿದೆ, ಆದರೆ ಹಾಡಿನ ರಾಗ ತಟ್ಟನೆ ಕಿವಿಗೆ ಬೀಳುತ್ತದೆ.

ಇದರ ತದ್ವಿರುದ್ಧ ಉದಾಹರಣೆ ಮೈ ಬ್ಲಡಿ ವ್ಯಾಲೆಂಟೈನ್ ತಂಡದ 'ಲವ್‌ಲೆಸ್' (1991). ಎರಡು ವರ್ಷಕ್ಕೂ ಮೇಲ್ಪಟ್ಟ ಕೆಲಸ, 19 ಸ್ಟುಡಿಯೊಗಳು, ಸಾಲುಗಟ್ಟಿದ ಎಂಜಿನಿಯರ್‌ಗಳು. ದನಿ ಮಾತ್ರ ಗಿಟಾರ್ ಒಳಗೇ ಕರಗಿದೆ. ಇಷ್ಟು ಕಾಲ, ಇಷ್ಟು ಸ್ಟುಡಿಯೊ ಸಿಕ್ಕ ಮೇಲೂ ದನಿ ಅಲ್ಲೇ ಉಳಿದಿದೆ ಎಂದರೆ ಅದು ಅಲ್ಲಿರಬೇಕೆಂದೇ ಉಳಿದದ್ದು. ಬಡತನದ ವಾದ ಇಲ್ಲಿಗೆ ಮುಗಿಯಬೇಕು.

ಹಾಗಾದರೆ ದನಿ ಹೂತುಹೋಗುವುದು ಹೇಗೆ? ಮಾತು ಅರ್ಥವಾಗುವುದು ವ್ಯಂಜನಗಳಿಂದ. ಅವುಗಳ ಸ್ಪಷ್ಟತೆ ಹೆಚ್ಚಾಗಿ 2ರಿಂದ 5 ಕಿಲೋಹರ್ಟ್ಸ್ ನಡುವೆ ಇರುತ್ತದೆ. ಡಿಸ್ಟಾರ್ಷನ್ ಹಾಕಿ ಸದ್ದನ್ನು ಒರಟಾಗಿಸಿದ ಗಿಟಾರ್ ದಂಡಿಯಾಗಿ ಸದ್ದು ಸುರಿಯುವುದೂ ಅಲ್ಲೇ. ಮಿಕ್ಸ್ ಮಾಡುವವರು, ಅಂದರೆ ಎಲ್ಲ ಟ್ರ್ಯಾಕ್‌ಗಳನ್ನು ಹದವಾಗಿ ಬೆರೆಸುವವರು, ಗಿಟಾರಿನಲ್ಲಿ 3 ಕಿಲೋಹರ್ಟ್ಸ್ ಹತ್ತಿರ ಎರಡು–ಮೂರು ಡೆಸಿಬಲ್ ತಗ್ಗಿಸಿದರೆ ದನಿಗೆ ಬಾಗಿಲು ತೆರೆಯುತ್ತದೆ, ತಗ್ಗಿಸದಿದ್ದರೆ ಮುಚ್ಚುತ್ತದೆ. ಎರಡನೆಯದು ರಿವರ್ಬ್, ದನಿಗೆ ಸೇರಿಸುವ ಕೋಣೆಯ ಅನುರಣನ. ದನಿ ಬಂದ 20–40 ಮಿಲಿಸೆಕೆಂಡ್ ನಂತರ ರಿವರ್ಬ್ ಶುರುವಾದರೆ ಪದ ಉಳಿಯುತ್ತದೆ. ಒಟ್ಟಿಗೇ ಶುರುವಾದರೆ ಪದದ ಅಂಚು ನೆನೆದುಹೋಗುತ್ತದೆ. ಮೂರನೆಯದು ಡಬಲಿಂಗ್: ಅದೇ ಸಾಲನ್ನು ಎರಡು ಸಲ ಹಾಡಿ ಒಂದರ ಮೇಲೊಂದು ಕೂರಿಸುವುದು. ಸ್ವರ ದಪ್ಪವಾಗುತ್ತದೆ, ಆದರೆ ಎರಡು ಸಲದ 'ತ', 'ಕ' ಒಂದೇ ಕ್ಷಣಕ್ಕೆ ಬೀಳದೆ ಮಾತು ಮಬ್ಬಾಗುತ್ತದೆ. ಮೂರೂ ಬೇಕೆಂದಂತೆ ತಿರುಗಿಸಬಹುದಾದ ಗುಂಡಿಗಳಿದ್ದಂತೆ. ತಿರುಗಿಸುವವರಿಗೆ ಏನಾಗುತ್ತದೆಂದು ಚೆನ್ನಾಗಿ ಗೊತ್ತು.

ಈ ಕಿವಿಯಿಂದ ಈಚಿನ ಆಲ್ಬಮ್‌ಗಳನ್ನು ಕೇಳಿದರೆ ತೀರ್ಪು ಬದಲಾಗುತ್ತದೆ. ಸಿಂಡಿ ಲೀ ಹೆಸರಿನಲ್ಲಿ 2024ರಲ್ಲಿ ಬಂದ 'ಡೈಮಂಡ್ ಜುಬಿಲೀ' 32 ಹಾಡುಗಳ, ಎರಡು ಗಂಟೆಯ ಆಲ್ಬಮ್. ಶುರುವಿನಲ್ಲಿ ಯೂಟ್ಯೂಬ್ ಮತ್ತು ಡೌನ್‌ಲೋಡ್ ಬಿಟ್ಟರೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಇಲ್ಲಿ ದನಿ ಹಿಂದಿನ ಕೋಣೆಯಲ್ಲಿದೆ, ಲೀಡ್ ಗಿಟಾರ್ ಮುಂದೆ ನಿಂತು ಹಾಡುತ್ತದೆ. ಕಥೆ ಹೇಳುವುದು ಗಿಟಾರ್ ಎಂದು ಒಪ್ಪಿಕೊಂಡು ಕೇಳಿದರೆ ಈ ದಶಕದ ಅತ್ಯುತ್ತಮ ಆಲ್ಬಮ್‌ಗಳಲ್ಲೊಂದು ಇದು. ಫಾಂಟೇನ್ಸ್ ಡಿ.ಸಿ. ತಂಡದ 'ರೊಮ್ಯಾನ್ಸ್' (2024) ಇದಕ್ಕೆ ತೀರಾ ವಿರುದ್ಧ. 'ಸ್ಟಾರ್‌ಬರ್ಸ್ಟರ್' ಹಾಡಿನಲ್ಲಿ ಉಸಿರನ್ನು ಒಳಗೆಳೆದುಕೊಳ್ಳುವ ಸದ್ದೇ ಒಂದು ವಾದ್ಯ. ಅದು ಕಿವಿಯ ಪಕ್ಕದಲ್ಲೇ ಆಗುತ್ತದೆ. ಗೀಸ್ ತಂಡದ 'ಗೆಟಿಂಗ್ ಕಿಲ್ಡ್' (2025) ಬಗ್ಗೆಯೂ ಪದ ಕೇಳಿಸುವುದಿಲ್ಲ ಎಂಬ ದೂರಿದೆ. ಅಲ್ಲಿ ಮಿಕ್ಸ್ ತಪ್ಪೇನೂ ಇಲ್ಲ. ದನಿ ಮುಂದೆಯೇ ಇದೆ, ಪದಗಳನ್ನು ಎಳೆದು ಜಗ್ಗಿ ಹಾಡುವ ಶೈಲಿಯೇ ಹಾಗೆ. ಇದನ್ನೂ ಹೂತ ದನಿಯನ್ನೂ ಒಂದೇ ಗುಂಪಿಗೆ ಸೇರಿಸಬಾರದು. ಇನ್ನು ಗಾಯಕ ಅಲೆಕ್ಸ್ ಜಿ ಅವರ 2025ರ 'ಹೆಡ್‌ಲೈಟ್ಸ್' ಆರ್‌ಸಿಎ ಎಂಬ ದೊಡ್ಡ ಲೇಬಲ್‌ನಿಂದ ಬಂತು. ಹಾಗಂತ ಎಲ್ಲವನ್ನೂ ತೊಳೆದು ಹೊಳಪಿಸಿಲ್ಲ, ಹಾಡುಗಳ ಅಂಚು ಹಾಗೇ ಇದೆ. ಅದಕ್ಕೇ ಅದು ಚೆನ್ನಾಗಿದೆ.

ತೀರ್ಪು ಕೊಡುವ ಮೊದಲು ನಿಮ್ಮ ಕಡೆಯ ದೋಷ ಪರೀಕ್ಷಿಸಿ. ಬಾಸ್ ಬೂಸ್ಟ್, ಈಕ್ವಲೈಜರ್, ಸರೌಂಡ್ ಎಲ್ಲ ಆಫ್ ಮಾಡಿ. ಒಂದೇ ಇಯರ್‌ಬಡ್‌ನಲ್ಲಿ ಕೇಳಬೇಡಿ, ಎಡ–ಬಲ ಹಂಚಿದ ಗಿಟಾರ್‌ಗಳಲ್ಲಿ ಒಂದು ಪೂರ್ತಿ ಮಾಯವಾಗುತ್ತದೆ. ಕಂಪ್ಯೂಟರಿನಲ್ಲಿ ಕರೆಯ ಆ್ಯಪ್ ಯಾವುದಾದರೂ ತೆರೆದಿದ್ದು ಬ್ಲೂಟೂತ್ ಹೆಡ್‌ಫೋನಿನ ಮೈಕ್ ಹಿಡಿದುಕೊಂಡಿದ್ದರೆ ಸದ್ದು ಮೋನೋ ಆಗಿ (ಎಡ–ಬಲದ ಭೇದವಿಲ್ಲದೆ) ಹಳೆಯ ದೂರವಾಣಿಯಂತೆ ಕೇಳಿಸುತ್ತದೆ, ಅದನ್ನು ಮುಚ್ಚಿ. ಎರಡು ಆಲ್ಬಮ್ ಹೋಲಿಸುವಾಗ ಸ್ಪಾಟಿಫೈನ ವಾಲ್ಯೂಮ್ ನಾರ್ಮಲೈಸೇಷನ್ (ಎಲ್ಲ ಹಾಡುಗಳ ಜೋರನ್ನು ಸಮ ಮಾಡುವ ಸೌಲಭ್ಯ) ಆನ್ ಇರಲಿ, ಇಲ್ಲದಿದ್ದರೆ ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. 'ನಾರ್ಮಲ್' ಆಯ್ಕೆಯಲ್ಲಿ ಹಾಡುಗಳು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟದ ಆಸುಪಾಸಿಗೆ ಬರುತ್ತವೆ. 'ಲೌಡ್' ಬೇಡ, ಅದು ಜೋರಾದ ಸದ್ದನ್ನು ಅದುಮುವ ಲಿಮಿಟರ್ ಹಾಕಿ ಏರಿಳಿತವಿರುವ ಹಾಡುಗಳನ್ನು ಹಿಂಡುತ್ತದೆ.

ಆಮೇಲೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೊ ಆನ್ ಮಾಡಿ ಅದೇ ಹಾಡು ಕೇಳಿ. ನಡುವೆ ಕೂರಿಸಿದ ದನಿ ಪಕ್ಕದ ಗಿಟಾರ್‌ಗಳಿಗಿಂತ ಸ್ವಲ್ಪ ಮುಂದೆ ಬರಬೇಕು. ಬದಲಿಗೆ ದನಿ ಟೊಳ್ಳಾಗಿಬಿಟ್ಟರೆ ಫೇಸ್ ದೋಷವಿದೆ, ಅಂದರೆ ಎಡ–ಬಲದ ಅಲೆಗಳು ಒಂದನ್ನೊಂದು ಅಳಿಸುತ್ತಿವೆ, ಆಗ ಬೈಯಲು ನಿಮಗೆ ಹಕ್ಕಿದೆ. ಕೊನೆಯದಾಗಿ ಸಿಂಬಲ್ (ಡ್ರಮ್ ಸೆಟ್‌ನ ಲೋಹದ ತಟ್ಟೆ) ಮೇಲೆ ಕಿವಿಯಿಡಿ. ಅದು ಹೊಡೆದ ಮೇಲೆ ನಿಧಾನವಾಗಿ, ನುಣುಪಾಗಿ ಆರುತ್ತಿದ್ದು ದನಿ ಮಾತ್ರ ಮಸುಕಾಗಿದ್ದರೆ ಅದು ಬೇಕೆಂದೇ ಮಾಡಿದ ತೀರ್ಮಾನ. ಸಿಂಬಲ್ ಕೂಡ ಚರಚರ ಹರಿದರೆ ಎಲ್ಲೋ ಮಟ್ಟ ಮೀರಿದೆ.

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ: ಇಷ್ಟೊಂದು ಆಲ್ಬಮ್‌ಗಳು ಯಾಕೆ ನಿಧಾನದ ಹಾಡಿನಲ್ಲಿ ಮುಗಿಯುತ್ತವೆ? ಒಂದು ಕಾರಣ ವಿನೈಲ್, ಅಂದರೆ ಸೂಜಿಯಿಂದ ನುಡಿಸುವ ಗ್ರಾಮಫೋನ್ ತಟ್ಟೆ. ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಇಂಚಿನ ತಟ್ಟೆಯ ಹೊರ ಅಂಚಿನಲ್ಲಿ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ, ಒಳಗಿನ ಕೊನೆಯಲ್ಲಿ ಬರೀ 21. ಅಷ್ಟು ಇಕ್ಕಟ್ಟಿನಲ್ಲಿ ಚೂಪಾದ ಸದ್ದು, 'ಸ' ಅಕ್ಷರದ ಸೀಳು ಒಡೆಯುತ್ತದೆ. ಹಾಗಾಗಿ ಅಬ್ಬರದ ಹಾಡು ಬದಿಯ ಆರಂಭಕ್ಕೆ, ಮೆದುವಾದದ್ದು ಕೊನೆಗೆ. ಒಂದು ಬದಿಗೆ 20 ನಿಮಿಷದ ಆಸುಪಾಸು ಹಿತ, ಅದಕ್ಕಿಂತ ಹೆಚ್ಚಾದರೆ ಸದ್ದು ತಗ್ಗಿಸಿಯೇ ಕೊರೆಯಬೇಕು. 'ಡೈಮಂಡ್ ಜುಬಿಲೀ' ವಿನೈಲ್‌ಗೆ ಮೂರು ತಟ್ಟೆ ಬೇಕಾಗಿದ್ದು ಇದಕ್ಕೇ. ಗಾಯಕ ಎಂ.ಜೆ. ಲೆಂಡರ್‌ಮನ್ ಅವರ 'ಮ್ಯಾನಿಂಗ್ ಫೈರ್‌ವರ್ಕ್ಸ್' (2024) ಕೊನೆಯ ಹಾಡು ಹತ್ತು ನಿಮಿಷದ್ದು, ಅದರಲ್ಲಿ ಬಹುಪಾಲು ಒಂದೇ ಸಮನೆ ಗುಂಯ್‌ಗುಡುವ ಡ್ರೋನ್. ಫೋನಿನಲ್ಲಿ ಅದನ್ನು ಅರ್ಧಕ್ಕೇ ದಾಟಿಸಿಬಿಡುವವರೇ ಹೆಚ್ಚು. ದಾಟಿಸಬೇಡಿ, ಮೊದಲ ಎಂಟು ಹಾಡುಗಳ ಭಾರ ಇಳಿಯುವುದು ಅಲ್ಲೇ. ಆ್ಯಪ್‌ನಲ್ಲಿ ಷಫಲ್ ಆಫ್, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭಕ್ಕೆ ಬೆರೆಸುವುದು) ಸೊನ್ನೆಗೆ ಇಡಿ. ಒಟ್ಟು ಅವಧಿಯ ಅರ್ಧಕ್ಕೆ ಹತ್ತಿರದ ಹಾಡು ಸಾಮಾನ್ಯವಾಗಿ ಎರಡನೇ ಬದಿಯ ಮೊದಲ ಹಾಡು. ಎರಡನೇ ಸಲ ಕೇಳುವಾಗ ಅಲ್ಲಿಂದ ಶುರುಮಾಡಿ, ಮೊದಲ ಸಲ ದಣಿದ ಕಿವಿಗೆ ತಪ್ಪಿಹೋದ ಹಾಡುಗಳು ಇರುವುದು ಆ ಅರ್ಧದಲ್ಲೇ.